ಶಂಕೆಯೂ ಸಂಶೋಧನೆಯೂ



ಮಳೆಗಾಲದಲ್ಲಿ ಧುಪದಾಳದ ಒಡ್ಡನ್ನು ದಾಟಿ ಭೋರ್ಗರೆಯುವ ಘಟಪ್ರಭೆಯು ಬೇಸಗೆಯಲ್ಲಿ ಬಡವಾಗುವುದು. ಅಲ್ಲಿಗೆ ಸಮೀಪದಲ್ಲಿಯೇ ಅದು ಸುಮಾರು 170 ಅಡಿ ಧುಮುಕುವ ಗೋಕಾಕ ಜಲಪಾತವಿದೆ. ಆ ನೀರಿನ ಬಲವನ್ನು ನಂಬಿ 1880ರ ದಶಕದಲ್ಲಿ ಅಲ್ಲಿ ನೂಲಿನ ಗಿರಣಿಯು ಸ್ಥಾಪಿತವಾಯಿತು. ಜಲಪಾತವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಗಿರಣಿಯ ಲೆಕ್ಕವನ್ನು ಯೋಚಿಸಿದವರು ವಿರಳ.

ಇಂತಹ ಸ್ಥಳದಲ್ಲಿ ಬಂಡವಾಳ ಹೂಡತಕ್ಕವನಿಗೆ ಎರಡು ಸಂದೇಹಗಳುಂಟು. ಬೇಸಗೆಯಲ್ಲಿ ನೀರೆಷ್ಟು? ಕೆಲವು ವರ್ಷ ಅಳೆದರೆ ಅಂದಾಜು ದೊರೆತೀತು. ಮುಂದೆ ನೂಲಿನ ಪೇಟೆ ಹೇಗಿದ್ದೀತು? ಇದಕ್ಕೆ ಅಳತೆಗೋಲಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ 1921ರಲ್ಲಿ ಅಳೆಯಬಹುದಾದ ಅಪಾಯವನ್ನೂ ಅಳತೆಗೆ ಸಿಕ್ಕದ ಅನಿಶ್ಚಿತತೆಯನ್ನೂ ಬೇರ್ಪಡಿಸಿದನು.

ಹೊಸ ಪದಾರ್ಥಕ್ಕಾಗಿ ಸಂಶೋಧನೆ ನಡೆಸುವ ಸಂಸ್ಥೆಯು ಈ ಎರಡನೆಯ ಕತ್ತಲೆಯಲ್ಲಿಯೇ ನಡೆಯಬೇಕು. ಯಂತ್ರ ಕೊಂಡವನು ಅದನ್ನು ಮಾರಿ ಸ್ವಲ್ಪ ಹಣವನ್ನಾದರೂ ಹಿಂದಕ್ಕೆ ಪಡೆದಾನು. ವಿಫಲವಾದ ಪ್ರಯೋಗಕ್ಕೆ ಗುಜರಿಯ ಬೆಲೆಯೂ ಇಲ್ಲ. ಆದುದರಿಂದ ಕಾಲವು ಅಸ್ಥಿರವಾದಾಗ ‘ಇನ್ನೊಂದು ವರ್ಷ ನೋಡೋಣ’ ಎನ್ನುವುದು ಹೇಡಿತನವಲ್ಲ, ಲೆಕ್ಕಾಚಾರ. ಆದರೆ ಒಮ್ಮೆ ಆರಂಭಿಸಿದವನಿಗೆ ನಿಲ್ಲಿಸುವುದೂ ಸುಲಭವಲ್ಲ. ನುರಿತ ರಸಾಯನಜ್ಞನನ್ನು ಬಿಟ್ಟುಕೊಟ್ಟರೆ ಅವನ ತಲೆಯೊಳಗಿನ ಅನುಭವವೂ ಅವನೊಡನೆ ಹೊರಟುಹೋಗುವುದು. ಅನಿಶ್ಚಿತತೆಯಲ್ಲಿ ಸಂಶೋಧನೆಯ ವೆಚ್ಚವು ನಿಧಾನವಾಗಿಯೇ ಬದಲಾಗುವುದೆಂದು ನಿಕೊಲಸ್ ಬ್ಲೂಮ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ವಾದಿಸಿದರು.

ಕಾದರೆ ಎಲ್ಲ ಸಂದೇಹವೂ ಕರಗುವುದೆ? ನದಿಯು ಕಾದವನಿಗೆ ತನ್ನ ಗುಟ್ಟನ್ನು ಹೇಳೀತು. ಪ್ರಯೋಗಶಾಲೆಯ ಗುಟ್ಟು ಪ್ರಯೋಗವಿಲ್ಲದೆ ಹೊರಬೀಳದು. ಮೈಸೂರಿನ ಶ್ರೀಗಂಧವನ್ನು ನೋಡಿರಿ. 1914ರಲ್ಲಿ ಮಹಾಯುದ್ಧವು ಆರಂಭವಾದೊಡನೆ ಯೂರೋಪಿಗೆ ಹೋಗುತ್ತಿದ್ದ ಮರವು ಇಲ್ಲಿಯೇ ಉಳಿಯಿತು. ಯುದ್ಧ ಎಂದು ಮುಗಿಯುವುದೋ ಯಾರಿಗೂ ತಿಳಿಯದು. ಆಗ ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿದ್ವಾಂಸರು ಮೊದಲು ಸಣ್ಣ ಪ್ರಮಾಣದಲ್ಲಿ ಎಣ್ಣೆಯನ್ನು ಭಟ್ಟಿಯಿಳಿಸಿ ನೋಡಿದರು. ಕಾರ್ಖಾನೆಯು ಬಂದುದು ಅನಂತರ, 1916ರಲ್ಲಿ. ಮರವೂ ಸರ್ಕಾರದ್ದು, ಶಂಕೆಯನ್ನು ಪರಿಹರಿಸುವ ವೆಚ್ಚವೂ ಸರ್ಕಾರದ್ದು!

ಗೋಕಾಕದಲ್ಲಿ ಮರದ ಗೊಂಬೆಗಳನ್ನು ಮಾಡುವ ಕುಶಲಕರ್ಮಿಗೆ ಈ ಅನುಕೂಲವಿಲ್ಲ. ಹೊಸ ಬಣ್ಣವು ನಿಲ್ಲುವುದೋ ಇಲ್ಲವೋ ಎಂದು ತಿಳಿಯಲು ಅವನು ತಿಂಗಳ ದುಡಿಮೆಯನ್ನೇ ಪಣವಿಡಬೇಕಾದೀತು. ಅವನಿಗೆ ಸಾಲಕ್ಕಿಂತ ಮೊದಲು ಬೇಕಾದುದು ಹತ್ತಿರದ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಮೇಜು. ಅಲ್ಲಿ ಪ್ರಯತ್ನವು ಕೆಟ್ಟರೆ ಹೋಗುವುದು ಒಂದು ಡಬ್ಬಿ ಬಣ್ಣ ಮಾತ್ರ.