ಉಕುಲೆಲೆ: ನಾಲ್ಕು ತಂತಿಗಳ ವಲಸೆ



ಎಮರಿವಿಲ್‌ನ ದಂಡೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ ಕೊಲ್ಲಿಯಾಚೆ ಸ್ಯಾನ್ ಫ್ರಾನ್ಸಿಸ್ಕೋ ಕಾಣುತ್ತದೆ. 1915ರಲ್ಲಿ ಅಲ್ಲಿ ನಡೆದ ಪನಾಮಾ-ಪೆಸಿಫಿಕ್ ಮಹಾಪ್ರದರ್ಶನದ ಹವಾಯಿ ಮಂಟಪದಲ್ಲಿ ಕೇಳಿಬಂದ ಉಕುಲೆಲೆಯ ನಾದಕ್ಕೆ ಅಮೆರಿಕದ ಮುಖ್ಯಭೂಮಿ ಮರುಳಾಯಿತು. ಹಳೆಯ ಉಕುಲೆಲೆಗಳನ್ನು ಹುಡುಕಿ ತಂದು, ಒರೆಸಿ, ತಂತಿ ಬಿಗಿದು ನುಡಿಸುವ ಹವ್ಯಾಸಿಗಳ ಸಂತೋಷದ ಮೂಲವನ್ನು ಅನೇಕರು ಅಲ್ಲಿಯೇ ಗುರುತಿಸುತ್ತಾರೆ. ವಾದ್ಯದ ಕತೆ ಮಾತ್ರ ಇನ್ನೂ ಹಿಂದಿನದು.

1879ರ ಆಗಸ್ಟ್ 23ರಂದು ‘ರೇವನ್ಸ್‌ಕ್ರ್ಯಾಗ್’ ಹಡಗು ಮದೀರಾ ದ್ವೀಪದ ನಾನೂರಕ್ಕೂ ಹೆಚ್ಚು ಜನರನ್ನು ಹೊನೊಲುಲುವಿಗೆ ತಂದಿತು. ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳು ಬೇಕಾಗಿದ್ದರು. ಹೊನ್ನಾವರ, ಮಂಗಳೂರುಗಳ ಮೇಲೆ ದಾಳಿಯಿಟ್ಟ ಪೋರ್ಚುಗೀಸರನ್ನಷ್ಟೇ ಬಲ್ಲ ಕನ್ನಡಿಗರು ಈ ಬಡ ಪೋರ್ಚುಗೀಸರನ್ನೂ ಅರಿಯಬೇಕು. ಅವರಲ್ಲಿದ್ದ ಮ್ಯಾನುಯೆಲ್ ನೂನೆಸ್, ಆಗಸ್ಟೋ ಡಿಯಸ್, ಜೋಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರು ತಮ್ಮೂರಿನ ‘ಮಚೇಟೆ’ ಎಂಬ ಪುಟ್ಟ ವಾದ್ಯವನ್ನು ಹವಾಯಿಯ ಕೋವಾ ಮರದಲ್ಲಿ ಹೊಸದಾಗಿ ಕಡೆದರು. ದೊರೆ ಕಲಾಕೌವಾ ಅದನ್ನು ಅರಮನೆಗೆ ಬರಮಾಡಿಕೊಂಡು, ಮಿಷನರಿಗಳು ಹಳಿದಿದ್ದ ಹುಲಾ ನೃತ್ಯದ ಜೊತೆಗೂಡಿಸಿದನು. ಕೂಲಿಯವರ ವಾದ್ಯ ಹೀಗೆ ಒಂದು ನಾಡಿನ ಆತ್ಮಾಭಿಮಾನದ ದನಿಯಾಯಿತು.

ಆ ನಾಡು ಉಳಿಯಲಿಲ್ಲ. 1893ರಲ್ಲಿ ಬಿಳಿಯ ಬಂಡವಾಳಗಾರರು ಅಮೆರಿಕದ ನೌಕಾಸೈನಿಕರ ನೆರಳಿನಲ್ಲಿ ರಾಣಿ ಲಿಲಿಯುಒಕಲಾನಿಯನ್ನು ಪದಚ್ಯುತಗೊಳಿಸಿದರು. 1898ರಲ್ಲಿ ಹವಾಯಿ ಅಮೆರಿಕದ ಪಾಲಾಯಿತು. 1915ರ ಮಂಟಪದಲ್ಲಿ ಜನ ತಲೆದೂಗಿದ್ದು ರಾಜ್ಯ ಕಳೆದುಕೊಂಡವರ ಸಂಗೀತಕ್ಕೆ. ಆಮೇಲೆ ಮುಖ್ಯಭೂಮಿಯ ಕಾರ್ಖಾನೆಗಳು ಉಕುಲೆಲೆಗಳನ್ನು ರಾಶಿರಾಶಿಯಾಗಿ ತಯಾರಿಸಿದವು. ಹವಾಯಿಯ ಕುಶಲಕರ್ಮಿಗಳು ತಮ್ಮ ಕೆಲಸದ ಗುರುತಿಗಾಗಿ ‘ತಬು’ ಮುದ್ರೆಯೊತ್ತಬೇಕಾಯಿತು. ಇಂದಿಗೂ ಸಂಗ್ರಾಹಕರು ಹಳೆಯ ವಾದ್ಯ ಕೈಗೆ ಬಂದೊಡನೆ ಆ ಮುದ್ರೆಗಾಗಿ ತಡಕುತ್ತಾರೆ. 1916ರಲ್ಲಿ ಹೊನೊಲುಲುವಿನಲ್ಲಿ ಸ್ಯಾಮ್ಯುಯೆಲ್ ಕಮಾಕಾ ಆರಂಭಿಸಿದ ಕಾರ್ಯಾಗಾರವನ್ನು ಅವನ ಮನೆತನವೇ ಈಗಲೂ ನಡೆಸುತ್ತಿದೆ. ಅನಾನಸಿನ ಆಕಾರದ ಉಕುಲೆಲೆ ಅವನ ಕೊಡುಗೆ. ನೋಡಿದರೆ ನಗು ಬರುತ್ತದೆ, ಕೇಳಿದರೆ ದನಿ ತುಂಬಿಕೊಂಡಿರುತ್ತದೆ.

ಸಂಗ್ರಹದ ಇನ್ನೊಂದು ಮುಖ ಎಮರಿವಿಲ್‌ನಲ್ಲಿಯೇ ಇದೆ. ಶೆಲ್‌ಮೌಂಡ್ ಸ್ಟ್ರೀಟ್ ಎಂಬ ಹೆಸರು ಓಲೋನಿ ಜನರ ಚಿಪ್ಪಿನ ದಿಬ್ಬದಿಂದ ಬಂದುದು. ಅದು ಅವರ ಪೂರ್ವಿಕರನ್ನು ಹೂಳಿದ ನೆಲ. ಹತ್ತೊಂಬತ್ತನೆಯ ಶತಮಾನದಲ್ಲಿ ಅದರ ಮೇಲೆ ನೃತ್ಯಮಂಟಪ ಕಟ್ಟಿದರು; 1902ರಲ್ಲಿ ವಿಶ್ವವಿದ್ಯಾಲಯಕ್ಕಾಗಿ ಅಗೆದರು; 1924ರಲ್ಲಿ ಕಾರ್ಖಾನೆಗಾಗಿ ನೆಲಸಮ ಮಾಡಿದರು. ಈಗ ಅಲ್ಲಿ ಮಾಲ್ ಇದೆ. ಕೇಳದೆ ಒಯ್ದ ಮೂಳೆಗಳೂ ಕಪಾಟಿನಲ್ಲಿ ‘ಸಂಗ್ರಹ’ವೆಂದೇ ಕರೆಸಿಕೊಂಡವು. ಆದ್ದರಿಂದ ಉಕುಲೆಲೆ ಕೊಳ್ಳುವವರು ಬೆಲೆಯ ಜೊತೆಗೆ ಅದು ಯಾರ ಕೈ ದಾಟಿ ಬಂತೆಂದೂ ಕೇಳುವುದು ಒಳ್ಳೆಯದು. ಆ ಕತೆ ತಿಳಿದ ವಾದ್ಯವನ್ನು ಗೋಡೆಗೆ ತೂಗುಹಾಕಿ ಸುಮ್ಮನಿರಲು ಮನಸ್ಸು ಬಾರದು.

ನುಡಿಸುವುದು ಕಷ್ಟವೂ ಅಲ್ಲ. ಪಿಟೀಲನ್ನು ತಮ್ಮದಾಗಿಸಿಕೊಂಡು, ಮೈಸೂರು ಚೌಡಯ್ಯನವರ ಕೈಯಲ್ಲಿ ಅದಕ್ಕೆ ಏಳು ತಂತಿ ಕಟ್ಟಿಸಿದ ಜನರಿಗೆ ನಾಲ್ಕು ತಂತಿ ಯಾವ ಲೆಕ್ಕ? ಸಾಮಾನ್ಯ ಶ್ರುತಿಯಲ್ಲಿ ಉಕುಲೆಲೆಯ ಬಿಡಿ ತಂತಿಗಳು ಜಿ, ಸಿ, ಇ, ಎ. ಸಿ-ಯನ್ನು ಷಡ್ಜವೆಂದುಕೊಂಡರೆ ಅವು ಪ, ಸ, ಗ, ದ. ಮೋಹನ ರಾಗದ ಐದು ಸ್ವರಗಳಲ್ಲಿ ನಾಲ್ಕು, ಬೆರಳೂರುವ ಮೊದಲೇ ಅಲ್ಲಿ ಕಾದಿರುತ್ತವೆ. ಉಳಿದ ರಿಷಭ ಷಡ್ಜದ ತಂತಿಯ ಎರಡನೆಯ ಮೆಟ್ಟಿಲಿನಲ್ಲಿದೆ.