ಹೃದಯಕ್ಕೆ ಕಡಿವಾಣ

ಭಯವಾದರೆ ಎದೆ ಹೊಡೆದುಕೊಳ್ಳುತ್ತದೆ, ಕೋಪ ಬಂದರೆ ನೆತ್ತರು ಕುದಿಯುತ್ತದೆ ಎಂದು ನಾವೆಲ್ಲರೂ ಹೇಳುವುದುಂಟು. ಈ ಮಾತು ಬರಿಯ ಅಲಂಕಾರವಲ್ಲ. ಮೂತ್ರಪಿಂಡಗಳ ನೆತ್ತಿಯ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಎರಡು ಸಣ್ಣ ಗ್ರಂಥಿಗಳು ಆಪತ್ಕಾಲದಲ್ಲಿ ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಸುರಿಸುತ್ತವೆ. ಒಡನೆಯೇ ಹೃದಯವು ವೇಗವಾಗಿಯೂ ಬಲವಾಗಿಯೂ ಮಿಡಿಯತೊಡಗುತ್ತದೆ. ಹುಲಿಯ ಎದುರಿಗೆ ಸಿಕ್ಕಿದವನಿಗೆ ಇದು ಪ್ರಾಣವನ್ನುಳಿಸುವ ಏರ್ಪಾಡು. ಹೃದಯದ ರಕ್ತನಾಳಗಳು ಕಿರಿದಾಗಿರುವ ರೋಗಿಗಾದರೋ ಇದೇ ಏರ್ಪಾಡು ಪ್ರಾಣಾಂತಿಕವಾಗಬಹುದು.

ಈ ರಸದ ಅಬ್ಬರವನ್ನು ತಡೆಯುವ ಔಷಧಿಗಳಿಗೆ ಬೀಟಾ ಬ್ಲಾಕರ್ ಎಂದು ಹೆಸರು. ನಾವು ವೃತ್ತಿಯಿಂದ ಅಧ್ಯಾಪಕರು; ಚಿಕಿತ್ಸೆಯನ್ನು ಹೇಳುವ ಅಧಿಕಾರ ನಮಗಿಲ್ಲ. ಆದರೂ ಅನೇಕ ಮನೆಗಳಲ್ಲಿ ನಿತ್ಯವೂ ಸೇವಿಸುವ ಗುಳಿಗೆಯ ಸ್ವಭಾವವನ್ನು ವಿದ್ಯಾವಂತರು ಅರಿತಿರುವುದು ಯುಕ್ತ. ಅದರಲ್ಲಿಯೂ ಈ ಗುಳಿಗೆಯನ್ನು ಬಿಡುವ ಕ್ರಮವನ್ನು ತಿಳಿಯದೆ ಪ್ರಾಣಕ್ಕೆ ಅಪಾಯವನ್ನು ತಂದುಕೊಳ್ಳುವ ಸಂಭವವಿದೆ.

ಒಂದೇ ಅಡ್ರಿನಲಿನ್ ದೇಹದ ಒಂದೆಡೆಯಲ್ಲಿ ರಕ್ತನಾಳವನ್ನು ಬಿಗಿಯುತ್ತದೆ, ಮತ್ತೊಂದೆಡೆಯಲ್ಲಿ ಸಡಿಲಿಸುತ್ತದೆ. ಇದು ಹೇಗೆ? ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಎಂಬ ವಿದ್ವಾಂಸನು 1948ರಲ್ಲಿ ಇದಕ್ಕೊಂದು ಸಮಾಧಾನವನ್ನು ಸೂಚಿಸಿದನು. ಅಡ್ರಿನಲಿನ್ ಬೀಗದ ಕೈಯಾದರೆ, ಜೀವಕೋಶಗಳ ಮೇಲೆ ಅದಕ್ಕೆ ಹೊಂದುವ ಬೀಗಗಳು ಎರಡು ಬಗೆಯವು. ಒಂದು ಆಲ್ಫಾ, ಮತ್ತೊಂದು ಬೀಟಾ. ಹೃದಯದ ಓಟವನ್ನು ಹೆಚ್ಚಿಸುವುದು ಬೀಟಾ. ಆಲ್‌ಕ್ವಿಸ್ಟನ ಈ ವಾದಕ್ಕೆ ಆಗ ಹೆಚ್ಚಿನ ಮನ್ನಣೆ ದೊರೆಯಲಿಲ್ಲ.

ಅದರ ಬೆಲೆಯನ್ನು ಕಂಡುಕೊಂಡವನು ಸ್ಕಾಟ್ಲೆಂಡಿನ ಜೇಮ್ಸ್ ಬ್ಲ್ಯಾಕ್. ಎದೆಶೂಲೆಯ ರೋಗಿಗಳ ಹೃದಯಕ್ಕೆ ಹೆಚ್ಚು ರಕ್ತವನ್ನು ಒದಗಿಸುವುದು ಹೇಗೆಂದೇ ಅಂದಿನ ವೈದ್ಯರು ಯೋಚಿಸುತ್ತಿದ್ದರು. ಬ್ಲ್ಯಾಕನು ಪ್ರಶ್ನೆಯನ್ನೇ ತಿರುಗಿಸಿದನು. ವರಮಾನವನ್ನು ಹೆಚ್ಚಿಸಲಾಗದ ಮನೆಯಲ್ಲಿ ಯಜಮಾನನು ಖರ್ಚನ್ನು ತಗ್ಗಿಸುವುದಿಲ್ಲವೆ? ಹಾಗೆಯೇ ಹೃದಯದ ದುಡಿಮೆಯನ್ನು ತಗ್ಗಿಸಿದರೆ ಇರುವ ರಕ್ತವೇ ಸಾಕಾಗಬಹುದು. ಬೀಗದೊಳಗೆ ಹೊಕ್ಕು, ಅದನ್ನು ತೆರೆಯದೆ ಅಲ್ಲಿಯೇ ಕುಳಿತಿರುವ ಹುಸಿ ಕೀಲಿಯೊಂದನ್ನು ಅವನೂ ಅವನ ಸಂಗಡಿಗರೂ ಹುಡುಕಿದರು. ಮೊದಲು ಸಿಕ್ಕಿದ ಪ್ರೊನೆಥಲಾಲ್ ಇಲಿಗಳಲ್ಲಿ ಗೆಡ್ಡೆಗಳನ್ನುಂಟುಮಾಡಿದುದರಿಂದ ಅದನ್ನು ಕೈಬಿಡಬೇಕಾಯಿತು. 1964ರಲ್ಲಿ ಪ್ರೊಪ್ರನಲಾಲ್ ಬೆಳಕಿಗೆ ಬಂದಿತು. ಅದೇ ವರ್ಷ ಇಂಗ್ಲೆಂಡಿನ ಬ್ರಯಾನ್ ಪ್ರಿಚರ್ಡನು ಅದು ರಕ್ತದೊತ್ತಡವನ್ನೂ ಇಳಿಸುವುದೆಂದು ಪ್ರಕಟಿಸಿದನು. ಬ್ಲ್ಯಾಕನಿಗೆ 1988ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಈ ಔಷಧಿಯ ಚರಿತ್ರೆಯಲ್ಲಿ ಏರುವುದೂ ಉಂಟು, ಇಳಿಯುವುದೂ ಉಂಟು. ಸೋತು ಸೊರಗಿದ ಹೃದಯಕ್ಕೆ ಇದು ವಿಷವೆಂದೇ ಒಂದು ಕಾಲದಲ್ಲಿ ವೈದ್ಯರಿಗೆ ಪಾಠ ಹೇಳುತ್ತಿದ್ದರು. 1975ರಲ್ಲಿ ಸ್ವೀಡನ್ನಿನ ಕೆಲವು ವೈದ್ಯರು ಇದಕ್ಕೆ ವಿರುದ್ಧವಾದ ಅನುಭವವನ್ನು ವರದಿಮಾಡಿದರು. 1999ರಲ್ಲಿ ಪ್ರಕಟವಾದ ಎರಡು ದೊಡ್ಡ ಪರೀಕ್ಷೆಗಳಲ್ಲಿ, ಅಂಥ ರೋಗಿಗಳ ಮರಣವು ಸುಮಾರು ಮೂರರಲ್ಲೊಂದು ಪಾಲು ತಗ್ಗಿತು. ಅತ್ತ ಬರಿಯ ರಕ್ತದೊತ್ತಡದ ಚಿಕಿತ್ಸೆಯಲ್ಲಿ ಇದರ ಅಗ್ರಸ್ಥಾನವು ತಪ್ಪಿತು. 9,000ಕ್ಕೂ ಮಿಕ್ಕಿದ ರೋಗಿಗಳನ್ನು ಪರೀಕ್ಷಿಸಿ 2002ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಒತ್ತಡವು ಹೆಚ್ಚುಕಡಮೆ ಸಮವಾಗಿಯೇ ಇಳಿದರೂ, ಅಟೆನಲಾಲ್ ಸೇವಿಸಿದವರಿಗಿಂತ ಲೊಸಾರ್ಟನ್ ಸೇವಿಸಿದವರಲ್ಲಿ ಮೆದುಳಿನ ಆಘಾತವು ಕಡಮೆಯಾಗಿತ್ತು. ಆದುದರಿಂದ ಬೇರೆ ಹೃದ್ರೋಗವಿಲ್ಲದ ಒತ್ತಡಕ್ಕೆ ವೈದ್ಯರು ಈಗ ಸಾಮಾನ್ಯವಾಗಿ ಇತರ ಔಷಧಿಗಳನ್ನೇ ಮೊದಲು ಕೊಡುತ್ತಾರೆ. ಒಬ್ಬರಿಗೆ ಹಿತವಾದ ಗುಳಿಗೆಯನ್ನು ನೆರೆಮನೆಯವರು ಎರವಲು ಪಡೆಯಬಾರದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತ ಬೇಕೆ?

ಶ್ವಾಸನಾಳಗಳಲ್ಲಿಯೂ ಬೀಟಾ ಬೀಗಗಳುಂಟು. ಅವನ್ನು ಮುಚ್ಚಿದರೆ ಉಬ್ಬಸದವರಿಗೆ ಉಸಿರೇ ಕಟ್ಟಬಹುದು. ಮಧುಮೇಹಕ್ಕೆ ಇನ್‌ಸುಲಿನ್ ಮೊದಲಾದುವನ್ನು ತೆಗೆದುಕೊಳ್ಳುವವರಲ್ಲಿ ಸಕ್ಕರೆಯು ತೀರ ಇಳಿದಾಗ ಎದೆಬಡಿತವೂ ನಡುಕವೂ ಎಚ್ಚರಿಸುವುದು ವಾಡಿಕೆ; ಈ ಔಷಧಿಯು ಆ ಎಚ್ಚರಿಕೆಯನ್ನು ಮರೆಮಾಡುತ್ತದೆ, ಬೆವರೊಂದೇ ಗುರುತಾಗಿ ಉಳಿಯಬಹುದು. ಕೈಕಾಲು ತಣ್ಣಗಾಗುವುದು, ಆಯಾಸ, ನಾಡಿ ತೀರ ನಿಧಾನವಾಗುವುದು, ಇವನ್ನೂ ವೈದ್ಯರಿಗೆ ತಿಳಿಸಬೇಕು.

ಇನ್ನು ಬಿಡುವ ಕ್ರಮ. ಒತ್ತಡವು ಇಳಿದಿದೆ, ಇನ್ನೇಕೆ ಗುಳಿಗೆ ಎಂದು ಒಂದು ದಿನ ತಟ್ಟನೆ ನಿಲ್ಲಿಸಿಬಿಡುವುದು ನಮ್ಮ ಜನರಲ್ಲಿ ಅಪರೂಪವೇನಲ್ಲ. ಊರಿಗೆ ಹೋಗುವಾಗ ಮರೆತುಹೋಗುವುದೂ ಉಂಟು. ಬೀಗಗಳನ್ನು ಬಹುಕಾಲ ಮುಚ್ಚಿಟ್ಟರೆ ಹೃದಯವು ಸುಮ್ಮನಿರುವುದಿಲ್ಲ. ಹೊಸ ಬೀಗಗಳನ್ನು ಹುಟ್ಟಿಸಿಕೊಳ್ಳುತ್ತದೆ. ಔಷಧಿಯು ಹಠಾತ್ತಾಗಿ ನಿಂತಾಗ ಅಡ್ರಿನಲಿನ್‌ಗೆ ಮೊದಲಿಗಿಂತ ಹೆಚ್ಚು ಬಾಗಿಲುಗಳು ತೆರೆದಿರುತ್ತವೆ. ಓಡುವ ಕುದುರೆಯ ಕಡಿವಾಣವನ್ನು ಒಮ್ಮೆಲೆ ಕೈಬಿಟ್ಟಂತೆ ಹೃದಯವು ದೌಡಾಯಿಸುತ್ತದೆ. ಎದೆಶೂಲೆಯಿದ್ದವರಲ್ಲಿ ಹೀಗೆ ನಿಲ್ಲಿಸಿದುದರಿಂದ ಹೃದಯಾಘಾತವೂ ಮರಣವೂ ಸಂಭವಿಸಿರುವುದನ್ನು 1970ರ ದಶಕದಲ್ಲಿಯೇ ವೈದ್ಯರು ದಾಖಲೆಮಾಡಿದ್ದಾರೆ. ನಿಲ್ಲಿಸಬೇಕಾದರೆ ವೈದ್ಯರ ಕಣ್ಗಾವಲಿನಲ್ಲಿ, ಸಾಮಾನ್ಯವಾಗಿ ಒಂದೆರಡು ವಾರಗಳಲ್ಲಿ, ಪ್ರಮಾಣವನ್ನು ಮೆಲ್ಲಮೆಲ್ಲನೆ ಇಳಿಸಬೇಕು.

ಒತ್ತಡವು ಇಳಿದಿರುವುದು ಗುಳಿಗೆಯಿಂದಲೇ ಎಂಬುದನ್ನು ಮರೆಯದಿರೋಣ. ಮನೆಯಲ್ಲಿ ಹಿರಿಯರು ಈ ಔಷಧಿಯನ್ನು ಸೇವಿಸುತ್ತಿದ್ದರೆ, ಡಬ್ಬಿಯು ಬರಿದಾಗುವ ಮೊದಲೇ ಅದನ್ನು ತುಂಬಿಸಿಡುವುದು ಕಿರಿಯರ ಕರ್ತವ್ಯವೆಂಬುದೇ ಶ್ರೋತೃಗಳಲ್ಲಿ ನಮ್ಮ ವಿಜ್ಞಾಪನೆ.