ಸಾಲದ ಹಣ, ಕಾಲುವೆಯ ನೀರು



ಲಿಂಗಸುಗೂರಿನಿಂದ ಮಸ್ಕಿಯ ಮೂಲಕ ಸಿಂಧನೂರಿಗೆ ಹೋಗುವ ಹೆದ್ದಾರಿ ಎರಡು ನದಿಗಳ ನಡುವಣ ನಾಡಿನಲ್ಲಿ ಸಾಗುತ್ತದೆ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಸಿಂಧನೂರಿನ ಭತ್ತದ ಗದ್ದೆಗಳಿಗೆ ನೀರುಣಿಸುವುದು ತುಂಗಭದ್ರಾ ಎಡದಂಡೆ ಕಾಲುವೆ. ಆ ಜಲಾಶಯದ ಕೆಲಸವನ್ನು 1945ರಲ್ಲಿ ಅಂದಿನ ಹೈದರಾಬಾದ್ ಮತ್ತು ಮದ್ರಾಸ್ ಸರ್ಕಾರಗಳು ಕೈಗೊಂಡವು. ಲಿಂಗಸುಗೂರಿನ ಕಡೆಗೆ ನೀರು ತರುವುದು ನಾರಾಯಣಪುರ ಬಲದಂಡೆ ಕಾಲುವೆ. ಇದು ಕೃಷ್ಣಾ ಮೇಲ್ದಂಡೆ ಯೋಜನೆಯ ಒಂದು ಭಾಗ. ಈ ಯೋಜನೆಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದರು. ಇಷ್ಟು ದೊಡ್ಡ ಕೆಲಸಕ್ಕೆ ರಾಜ್ಯದ ಬೊಕ್ಕಸವೊಂದೇ ಸಾಲದಾಯಿತು. 1978ರಲ್ಲಿ, ಮತ್ತೆ 1989ರಲ್ಲಿ ವಿಶ್ವಬ್ಯಾಂಕು ಯೋಜನೆಗೆ ಸಾಲ ಮಂಜೂರು ಮಾಡಿತು.

ಇದು ಎಂತಹ ಬ್ಯಾಂಕು? ಇದರ ಷೇರುದಾರರು ವ್ಯಕ್ತಿಗಳಲ್ಲ, ದೇಶಗಳು. 1944ರ ಬ್ರೆಟನ್‌ವುಡ್ಸ್ ಸಮ್ಮೇಳನದಲ್ಲಿ ವಿಶ್ವಬ್ಯಾಂಕಿನ ಸ್ಥಾಪನೆಗೆ ಒಪ್ಪಂದವಾಯಿತು. 1966ರಲ್ಲಿ ಏಷ್ಯಾ ಅಭಿವೃದ್ಧಿ ಬ್ಯಾಂಕು ಬಂದಿತು. ಹಲವು ದೇಶಗಳ ಒಟ್ಟು ಹೊಣೆಯಿರುವುದರಿಂದ ಇವುಗಳಿಗೆ ಪೇಟೆಯಲ್ಲಿ ಕಡಿಮೆ ಬಡ್ಡಿಗೆ ಹಣ ಹುಟ್ಟುತ್ತದೆ. ಅದನ್ನೇ ದೀರ್ಘಾವಧಿಗೆ ಸಾಲವಾಗಿ ಕೊಡುತ್ತವೆ. ಸಾಲಗಾರ ಭಾರತ ಸರ್ಕಾರ. ಅದರ ಮೂಲಕ ಹಣ ರಾಜ್ಯಕ್ಕೆ ಬರುತ್ತದೆ. ಆದರೆ ಇಡೀ ಮೊತ್ತ ಒಮ್ಮೆಗೇ ಕೈಸೇರುವುದಿಲ್ಲ. ಕೆಲಸ ನಡೆದಂತೆ, ಲೆಕ್ಕ ಒಪ್ಪಿಸಿದಂತೆ ಕಂತುಗಳಲ್ಲಿ ಬರುತ್ತದೆ.

ಈ ಕಂತಿನ ಮಹತ್ವವನ್ನು ನಮಗೆ ತೋರಿಸಿದ್ದೇ ಕೃಷ್ಣಾ ಯೋಜನೆ. ನೀರು ಪಡೆಯುವ ಊರುಗಳು ಬೇರೆ, ಮುಳುಗುವ ಊರುಗಳು ಬೇರೆ. ಆಲಮಟ್ಟಿಯ ಹಿನ್ನೀರಿನಿಂದ ಬಾಗಲಕೋಟೆ, ಬಿಜಾಪುರದ ಕಡೆಯ ಅನೇಕ ಹಳ್ಳಿಗಳ ಜನ ಮನೆ ಹೊಲ ಬಿಡಬೇಕಾಯಿತು. ಅವರಿಗೆ ಪುನರ್ವಸತಿ ಕಲ್ಪಿಸುವುದು ಸಾಲದ ಕರಾರಿನಲ್ಲೇ ಇತ್ತು. ಆ ಕೆಲಸ ಹಿಂದೆ ಬಿದ್ದಾಗ, 1990ರ ದಶಕದಲ್ಲಿ, ಬ್ಯಾಂಕು ಹಣ ಬಿಡುಗಡೆಯನ್ನು ತಡೆಹಿಡಿಯಿತು. ಕಾಲುವೆಯಷ್ಟೇ ಪುನರ್ವಸತಿಯೂ ಯೋಜನೆಯ ಭಾಗವೆಂಬುದು ಆಗ ಮನದಟ್ಟಾಯಿತು. ಹಾಗೆಂದು ಬ್ಯಾಂಕನ್ನು ಧರ್ಮಾತ್ಮನೆಂದು ತಿಳಿಯಬೇಕಿಲ್ಲ. ಊರುಗಳು ಮುಳುಗಿದ ಯೋಜನೆಗೆ ಹಣ ಕೊಟ್ಟದ್ದೂ ಅದೇ ಬ್ಯಾಂಕು.

ನೀರಾವರಿಯ ನಂತರ ರಸ್ತೆಗಳ ಸರದಿ. ಕರ್ನಾಟಕದ ರಾಜ್ಯ ಹೆದ್ದಾರಿಗಳ ಸುಧಾರಣೆಗೆ 2001ರಲ್ಲಿ ವಿಶ್ವಬ್ಯಾಂಕು 36 ಕೋಟಿ ಡಾಲರ್ ಸಾಲ ಮಂಜೂರು ಮಾಡಿತು. ಭತ್ತ ಬೆಳೆದರೆ ಸಾಲದು, ಅದು ಮಾರುಕಟ್ಟೆ ಮುಟ್ಟಬೇಕಲ್ಲವೆ?

ಇನ್ನು ತೀರಿಸುವ ಮಾತು. 2005ರಿಂದ ಇಂತಹ ಹೊಸ ಸಾಲಗಳಲ್ಲಿ ಡಾಲರ್ ಬೆಲೆಯ ಏರಿಳಿತದ ಹೊರೆಯೂ ಕರ್ನಾಟಕದಂತಹ ರಾಜ್ಯಗಳ ಮೇಲಿದೆ. ಡಾಲರಿಗೆ 45 ರೂಪಾಯಿ ಇದ್ದಾಗ ಒಂದು ಕೋಟಿ ಡಾಲರ್ ಪಡೆದರೆ 45 ಕೋಟಿ ರೂಪಾಯಿ. ಡಾಲರ್ 80 ರೂಪಾಯಿಗೆ ಏರಿದಾಗ ಅದೇ ಅಸಲು 80 ಕೋಟಿ. ಅಪ್ಪ ಮಾಡಿದ ಸಾಲ ಮಗನ ತಲೆಗೆ ಎಂಬಂತೆ, ಈ ಸಾಲವನ್ನು ತೀರಿಸುವವರಲ್ಲಿ ನೀವೂ ಇದ್ದೀರಿ.

ಆದ್ದರಿಂದ ನಿಮ್ಮೂರಿನಲ್ಲಿ ಇಂತಹ ಕಾಮಗಾರಿಯ ಫಲಕ ಕಂಡಾಗ ಮೊತ್ತವನ್ನಷ್ಟೇ ಓದಿ ಮುಂದೆ ಹೋಗಬೇಡಿ. ಸಾಲ ಕೊಟ್ಟವರು ಯಾರು, ತೀರಿಸಲು ಎಷ್ಟು ವರ್ಷ, ನೆಲ ಬಿಟ್ಟುಕೊಟ್ಟವರು ಈಗ ಎಲ್ಲಿದ್ದಾರೆ ಎಂದು ಕೇಳಿ. ಕರಾರಿನ ಕಾಗದಕ್ಕೆ ಜೀವ ಬರುವುದು ಕೇಳುವವರಿದ್ದಾಗ ಮಾತ್ರ.